ಎರಡು ಗೋಳಾರ್ಧ, ಒಂದು ನಾಲಗೆ

ಸೊಲ್ಲಾಪುರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ದೊರೆಯುವ ಅಕ್ಕಲಕೋಟೆಯ ಪೇಟೆಯಲ್ಲಿ, ಜೋಳದ ಧಾರಣೆಯನ್ನು ಕನ್ನಡದಲ್ಲಿ ವಿಚಾರಿಸಿ, ತೂಕದ ವಿಷಯವಾಗಿ ಹುಟ್ಟಿದ ವಾದವನ್ನು ಮರಾಠಿಯಲ್ಲಿ ಮುಗಿಸಿ, ಪಕ್ಕದಲ್ಲಿ ನಿಂತ ಮನೆಯಾಕೆಯ ಕಡೆಗೆ ಮುಖ ತಿರುಗಿಸುತ್ತಲೇ ಮತ್ತೆ ಕನ್ನಡಕ್ಕೆ ಮರಳುವ ಮನುಷ್ಯನು ಯಾರ ಕಣ್ಣಿಗೂ ವಿಶೇಷವಾಗಿ ತೋರುವುದಿಲ್ಲ. ತಾನು ಭಾಷೆಯನ್ನು ಬದಲಿಸಿದೆನೆಂಬ ಅರಿವು ಅವನಿಗೂ ಇರುವುದಿಲ್ಲ. ಭೋಸಲೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾದ, 1960ರಲ್ಲಿ ಮಹಾರಾಷ್ಟ್ರವು ರೂಪುಗೊಂಡಾಗ ಆ ರಾಜ್ಯದ ಅಂಗವಾದ, 1967ರಲ್ಲಿ ಮಹಾಜನ ಆಯೋಗವು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಸೂಚಿಸಿದರೂ ಇದ್ದಲ್ಲಿಯೇ ಉಳಿದ ಈ ತಾಲೂಕಿನಲ್ಲಿ ಭಾಷೆಯ ಗಡಿಯು ನಕ್ಷೆಯ ಗೆರೆಯನ್ನು ಅನುಸರಿಸದೆ ಮನೆಮನೆಯ ಪಡಸಾಲೆಯನ್ನು ಹಾದುಹೋಗುತ್ತದೆ. ಸೊಲ್ಲಾಪುರವಂತೂ, ನೇಕಾರರ ತೆಲುಗನ್ನೂ ಉರ್ದುವನ್ನೂ ಕೂಡಿಸಿ, ನಾಲ್ಕು ಭಾಷೆಗಳ ಊರು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕನ್ನಡದಲ್ಲಿ ವಚನಗಳನ್ನಾಡಿದ ಈ ಸೊನ್ನಲಿಗೆಯಲ್ಲಿಯೇ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಮರಾಠಿಯ ಮೂಲಕ ವಿದ್ಯೆ ಕಲಿತು, ಕನ್ನಡವನ್ನು ಸ್ವಪ್ರಯತ್ನದಿಂದ ಸಾಧಿಸಿ, ಎರಡು ಭಾಷೆಗಳಲ್ಲಿಯೂ ಗ್ರಂಥಗಳನ್ನು ಬರೆದು, 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಥಮ ಮಹಿಳಾ ಅಧ್ಯಕ್ಷರಾದರು.

ಇಂತಹ ಊರುಗಳಲ್ಲಿ ಮಿದುಳಿನ ಮಾತು ಬಂದಾಗ, ಮಿದುಳಿಗೆ ಎಡ ಬಲ ಎಂಬ ಎರಡು ಭಾಗಗಳಿರುವುದನ್ನು ಎಲ್ಲಿಯೋ ಓದಿದವರು, ಹಾಗಾದರೆ ನಮ್ಮ ತಲೆಯಲ್ಲಿ ಕನ್ನಡವು ಒಂದು ಕಡೆಗೂ ಮರಾಠಿಯು ಇನ್ನೊಂದು ಕಡೆಗೂ ಇರಬಹುದಲ್ಲವೇ ಎಂದು ಕೇಳುವುದುಂಟು. ಪ್ರಶ್ನೆಯು ವಿನೋದದ್ದಾಗಿ ಕಂಡರೂ ಹಗುರವಾದುದಲ್ಲ. ದ್ವಿಭಾಷಿಗಳ ಬಲ ಮಿದುಳು ಏಕಭಾಷಿಗಳ ಬಲ ಮಿದುಳಿಗಿಂತ ಭಾಷಾವ್ಯಾಪಾರದಲ್ಲಿ ಹೆಚ್ಚು ಭಾಗವಹಿಸುವುದೆಂಬ ಊಹೆಯನ್ನು 1970ರ ದಶಕದಲ್ಲಿ ವಿದ್ವಾಂಸರೇ ಮುಂದಿಟ್ಟಿದ್ದರು. ಅನಂತರದ ಶೋಧಗಳು ಅದನ್ನು ಪುಷ್ಟೀಕರಿಸಲಿಲ್ಲ. ಕನ್ನಡವೂ ಮರಾಠಿಯೂ, ಬಲಗೈಯವರಾದ ಬಹುಮಂದಿಯಲ್ಲಿ, ಎಡಗಡೆಯ ಒಂದೇ ಪ್ರದೇಶವನ್ನು ಹಂಚಿಕೊಂಡು ವಾಸಿಸುತ್ತವೆ. 1997ರಲ್ಲಿ ಪ್ರಕಟವಾದ ಚಿತ್ರಣಾಧ್ಯಯನವೊಂದರ ಪ್ರಕಾರ, ಎಳೆತನದಿಂದ ಎರಡು ಭಾಷೆಗಳನ್ನಾಡುತ್ತ ಬೆಳೆದವರಲ್ಲಿ ಮಾತಿನ ರಚನೆಗೆ ಸಂಬಂಧಪಟ್ಟ ತಾಣವು ಎರಡಕ್ಕೂ ಒಂದೇ ಆಗಿರುವುದು, ದೊಡ್ಡವರಾದ ಮೇಲೆ ಎರಡನೆಯದನ್ನು ಕಲಿತವರಲ್ಲಿ ಆ ತಾಣಗಳು ಅಕ್ಕಪಕ್ಕದಲ್ಲಿ ಬೇರೆಬೇರೆಯಾಗಿರುವುದು. ಎರಡು ಗೋಳಾರ್ಧಗಳ ನಡುವಿನ ನಿಜವಾದ ಗಡಿಯು ಭಾಷೆಗೂ ಭಾಷೆಗೂ ನಡುವೆ ಇರುವುದಲ್ಲ. ಮಾತನಾಡಬಲ್ಲ ಅರ್ಧಕ್ಕೂ, ಬಲ್ಲದ್ದನ್ನು ಆಡಲಾರದ ಅರ್ಧಕ್ಕೂ ನಡುವೆ ಇರುವುದು. ಈ ಸಂಗತಿಯು ಹೇಗೆ ತಿಳಿದುಬಂದಿತೆಂಬುದು ವೈದ್ಯಶಾಸ್ತ್ರದ ಇತಿಹಾಸದಲ್ಲಿಯೇ ಒಂದು ವಿಚಿತ್ರವಾದ ಅಧ್ಯಾಯ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ಹೋದವರು, ಮರಣಾನಂತರ ದಾನವಾಗಿ ಬಂದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅಪೂರ್ವ ಅವಕಾಶವನ್ನು ಪಡೆಯುತ್ತಾರೆ. ಸುಮಾರು 1300ರಿಂದ 1400 ಗ್ರಾಮು ತೂಗುವ, ಹೆಚ್ಚುಕಡಿಮೆ 8,600 ಕೋಟಿ ನರಕೋಶಗಳನ್ನೊಳಗೊಂಡ ಆ ವಸ್ತುವಿನ ಮೇಲ್ಭಾಗವನ್ನು ಮುಂದಿನಿಂದ ಹಿಂದಿನವರೆಗೆ ಆಳವಾದ ಕಂದರವೊಂದು ಇಬ್ಭಾಗ ಮಾಡಿರುವುದು. ಆ ಕಂದರದೊಳಗೆ ಬೆರಳನ್ನಿಳಿಸಿದರೆ ತಳದಲ್ಲಿ ಬೆಳ್ಳಗಿನ, ಗಟ್ಟಿಯಾದ, ಸುಮಾರು 10 ಸೆಂಟಿಮೀಟರು ಉದ್ದದ ಪಟ್ಟಿಯೊಂದು ತಡೆಯುವುದು. ಕಾರ್ಪಸ್ ಕ್ಯಾಲೋಸಮ್ ಎಂಬ ಹೆಸರಿನ ಈ ಪಟ್ಟಿಯು, ಎಡ ಗೋಳಾರ್ಧದಿಂದ ಬಲಕ್ಕೂ ಬಲದಿಂದ ಎಡಕ್ಕೂ ಅಡ್ಡಲಾಗಿ ಹರಿಯುವ ಸುಮಾರು 20 ಕೋಟಿ ನರತಂತುಗಳ ಕಟ್ಟು. ಇದಲ್ಲದೆ ಇನ್ನೂ ಕೆಲವು ಸಣ್ಣ ಕಟ್ಟುಗಳು ಉಂಟಾದರೂ ಗಾತ್ರದಲ್ಲಿ ಅವು ಇದಕ್ಕೆ ಸಾಟಿಯಲ್ಲ. ಮಾಸುಳ್ಳ ಸಸ್ತನಿಗಳಿಗಲ್ಲದೆ ಬೇರೆ ಯಾವ ಪ್ರಾಣಿಗೂ ಇದು ಇಲ್ಲ. ಕಾಂಗರೂವಿನಂತಹ ಹೊಟ್ಟೆಚೀಲದ ಪ್ರಾಣಿಗಳು ಸಣ್ಣ ಕಟ್ಟುಗಳಿಂದಲೇ ಕಾಲಕ್ಷೇಪ ಮಾಡುತ್ತವೆ.

ಈ ತಂತುಗಳ ಮೂಲಕ ನಡೆಯುವ ವಿನಿಮಯದ ಅವಶ್ಯಕತೆಯನ್ನು ಅರಿಯಬೇಕಾದರೆ ನಮ್ಮ ಶರೀರದ ಅಡ್ಡಸಂಬಂಧವನ್ನು ಮೊದಲು ಅರಿಯತಕ್ಕದ್ದು. ಬಲಗೈಯನ್ನು ಆಳುವುದು ಎಡ ಗೋಳಾರ್ಧ, ಎಡಗೈಯನ್ನು ಆಳುವುದು ಬಲ ಗೋಳಾರ್ಧ. ಆದ್ದರಿಂದಲೇ ಬಲಗಡೆಗೆ ಲಕ್ವ ಹೊಡೆದವರಲ್ಲಿ ಅನೇಕರಿಗೆ ಮಾತೂ ನಿಂತುಹೋಗುವುದು, ಎಡಗಡೆಗೆ ಹೊಡೆದವರಿಗೆ ಮಾತು ಸಾಮಾನ್ಯವಾಗಿ ಉಳಿಯುವುದು. ದೃಷ್ಟಿಯ ವಿಷಯದಲ್ಲಿ ಜನರು ತಪ್ಪು ತಿಳಿಯುವ ಒಂದು ಅಂಶವಿದೆ: ಎಡಗಣ್ಣು ಪೂರ್ತಿಯಾಗಿ ಬಲ ಮಿದುಳಿಗೆ ಸೇರಿದ್ದಲ್ಲ. ನಾವು ನೇರವಾಗಿ ಒಂದು ಬಿಂದುವನ್ನು ದಿಟ್ಟಿಸುತ್ತಿರುವಾಗ ಆ ಬಿಂದುವಿನ ಎಡಕ್ಕಿರುವುದೆಲ್ಲ, ಯಾವ ಕಣ್ಣಿನಿಂದ ಕಂಡಿದ್ದರೂ ಸರಿಯೆ, ಮೊದಲು ಬಲ ಗೋಳಾರ್ಧಕ್ಕೆ ಹೋಗುವುದು. ಬಲಕ್ಕಿರುವುದೆಲ್ಲ ಎಡ ಗೋಳಾರ್ಧಕ್ಕೆ ಹೋಗುವುದು. ಎರಡು ಅರ್ಧಗಳನ್ನು ಹೊಂದಿಸಿ ಒಂದೇ ಅಖಂಡ ದೃಶ್ಯವೆಂಬ ಭಾವನೆಯನ್ನು ಹುಟ್ಟಿಸುವ ಕೆಲಸದಲ್ಲಿ ಮಧ್ಯದ ತಂತುಗಳ ಪಾತ್ರ ದೊಡ್ಡದು. ಮತ್ತು ಸರಳವಾದ ಸಂಕೇತವು ಒಂದು ದಡದಿಂದ ಇನ್ನೊಂದನ್ನು ಮುಟ್ಟಲು ಹಿಡಿಯುವ ಕಾಲವು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರೋ ನಾಲ್ಕೋ ಮಾತ್ರವಾದುದರಿಂದ, ಈ ಸಂಧಾನವು ನಡೆಯುತ್ತಿರುವುದೇ ನಮಗೆ ಗೊತ್ತಾಗುವುದಿಲ್ಲ.

ಮಾತಿನ ಸ್ಥಾನವು ಎಡಗಡೆಗೆ ಇರುವುದೆಂಬುದನ್ನು ಪ್ಯಾರಿಸಿನ ಶಸ್ತ್ರವೈದ್ಯನಾದ ಪಾಲ್ ಬ್ರೋಕಾ 1861ರಿಂದ 1865ರವರೆಗಿನ ತನ್ನ ವರದಿಗಳಲ್ಲಿ ಸ್ಥಾಪಿಸಿದ್ದನು. ಬಲಗೈಯವರಲ್ಲಿ ನೂರಕ್ಕೆ ಸುಮಾರು 95 ಮಂದಿಗೂ ಎಡಗೈಯವರಲ್ಲಿ ನೂರಕ್ಕೆ ಸುಮಾರು 70 ಮಂದಿಗೂ ಇದು ಅನ್ವಯಿಸುವುದೆಂದು ಮುಂದೆ ತಿಳಿದುಬಂದಿತು. ಆದರೆ ನಡುವಿನ ಆ ದೊಡ್ಡ ಕಟ್ಟು ಏತಕ್ಕಾಗಿ ಇದೆಯೆಂಬುದು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹೇಳಲಾಗದ ಮಾತಾಗಿತ್ತು. ಎರಡು ಗೋಳಾರ್ಧಗಳು ಜೋಲುಬೀಳದಂತೆ ಹಿಡಿದಿಡುವುದೇ ಇದರ ಕೆಲಸವಿರಬೇಕೆಂದು ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಪರಿಹಾಸ ಮಾಡಿದನು. ಅಪಸ್ಮಾರದ ಸೆಳವನ್ನು ಆಚೆಯಿಂದ ಈಚೆಗೆ ಸಾಗಿಸುವುದೊಂದೇ ಇದರ ಕೆಲಸವೆಂದು ವಾರನ್ ಮೆಕಲಕ್ ನಕ್ಕನು. ಎರಡನೆಯ ಪರಿಹಾಸದಲ್ಲಿ ಅರ್ಧ ಸತ್ಯವಿತ್ತು.

ಅಪಸ್ಮಾರವು ನಮ್ಮ ಕಡೆಯ ಜನರಿಗೆ ಚೆನ್ನಾಗಿ ಪರಿಚಿತವಾದ ವ್ಯಾಧಿ. ಮೂರ್ಛೆ ಬಂದು ಬಿದ್ದವನ ಮುಷ್ಟಿಯಲ್ಲಿ ಕಬ್ಬಿಣದ ಬೀಗದಕೈಯನ್ನು ತುರುಕುವುದು, ಉಳ್ಳಾಗಡ್ಡಿಯನ್ನು ಒಡೆದು ಮೂಗಿಗೆ ಹಿಡಿಯುವುದು ಇಂದಿಗೂ ನಿಂತಿಲ್ಲ. ಗಾಳಿಯ ಬಾಧೆಯೆಂದು ನಂಬಿ ಗಾಣಗಾಪುರದ ದತ್ತಸನ್ನಿಧಿಗೆ ಕರೆದೊಯ್ಯುವವರೂ ಕಡಿಮೆಯಾಗಿಲ್ಲ. ಬೀಗದಕೈಯಿಂದ ಸೆಳವು ನಿಂತಿತೆಂದು ತೋರುವುದಕ್ಕೆ ಕಾರಣವು, ಬಹುತೇಕ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದು. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುವುದಷ್ಟೇ ಮಾಡತಕ್ಕ ಉಪಚಾರ. ಈ ವ್ಯಾಧಿಯ ಮೂಲವು ಮಿದುಳಿನ ವಿದ್ಯುತ್ತಿನ ಉಬ್ಬರ. ಒಂದು ಗೋಳಾರ್ಧದ ಒಂದು ಮೂಲೆಯಲ್ಲಿ ಹುಟ್ಟಿದ ಉಬ್ಬರವು ನಡುವಿನ ತಂತುಗಳನ್ನು ಹಿಡಿದು ಆಚೆಗೆ ದಾಟಿತೆಂದರೆ ಶರೀರವೆಲ್ಲವೂ ಅದರ ವಶವಾಗುವುದು. ಹಾಗಾದರೆ ತಂತುಗಳನ್ನೇ ಕತ್ತರಿಸಿದರೆ ಹೇಗೆ ಎಂದು ಯೋಚಿಸಿದವನು ಅಮೆರಿಕದ ರಾಚೆಸ್ಟರಿನ ಶಸ್ತ್ರವೈದ್ಯ ವಿಲಿಯಂ ವ್ಯಾನ್ ವ್ಯಾಗನೆನ್. 1940ರ ಸುಮಾರಿಗೆ ಅವನು ಇಪ್ಪತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಈ ಶಸ್ತ್ರಕ್ರಿಯೆಯನ್ನು ನಡೆಸಿದನು. ಅವರನ್ನು ಪರೀಕ್ಷಿಸಿದ ಅಕೆಲೈಟಿಸ್ ಎಂಬ ವೈದ್ಯನು, ಕತ್ತರಿಸಿದ್ದರಿಂದ ಇವರ ಬುದ್ಧಿಗಾಗಲಿ ನಡತೆಗಾಗಲಿ ಹೇಳತಕ್ಕ ಹಾನಿಯೇನೂ ಆಗಿಲ್ಲವೆಂದು ಬರೆದನು. ಇಪ್ಪತ್ತು ಕೋಟಿ ತಂತುಗಳು ಹೋದರೂ ಏನೂ ಆಗಲಿಲ್ಲವೆಂಬ ಈ ನಿರ್ಣಯವು ಪ್ರಕೃತಿಯ ಮಿತವ್ಯಯವನ್ನು ಬಲ್ಲವರಿಗೆ ಹೇಗೆ ಒಪ್ಪಿಗೆಯಾದೀತು?

ಒಪ್ಪದವರಲ್ಲಿ ಮುಖ್ಯನು ನರವಿಜ್ಞಾನಿ ರೋಜರ್ ಸ್ಪೆರಿ. ಅವನೂ ಅವನ ಶಿಷ್ಯ ರೊನಾಲ್ಡ್ ಮೈಯರ್ಸನೂ 1950ರ ದಶಕದ ಆರಂಭದಲ್ಲಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಎಡೆಯನ್ನೂ ಮಧ್ಯದ ಕಟ್ಟನ್ನೂ ಕೂಡಿಯೇ ಸೀಳಿದಾಗ, ಒಂದು ಕಣ್ಣಿನಿಂದ ಕಲಿತ ಪಾಠವನ್ನು ಬೆಕ್ಕು ಇನ್ನೊಂದು ಕಣ್ಣಿನಿಂದ ಮೊದಲಿನಿಂದಲೇ ಕಲಿಯಬೇಕಾಯಿತು. ಅಕೆಲೈಟಿಸ್ ಹಾನಿಯನ್ನು ಕಾಣದೆ ಹೋದುದು ಹಾನಿಯಿಲ್ಲದ್ದರಿಂದಲ್ಲ, ಕೇಳಬೇಕಾದ ರೀತಿಯಲ್ಲಿ ಕೇಳದಿದ್ದುದರಿಂದ. ಏಕೆಂದರೆ ತಲೆಯನ್ನೂ ಕಣ್ಣುಗಳನ್ನೂ ತಿರುಗಿಸಲು ಸ್ವತಂತ್ರನಾದ ರೋಗಿಯು ಎರಡು ಗೋಳಾರ್ಧಗಳಿಗೂ ಒಂದೇ ದೃಶ್ಯವನ್ನು ಸಲೀಸಾಗಿ ಒದಗಿಸಿಕೊಳ್ಳುತ್ತಿದ್ದನು.

1962ರಲ್ಲಿ ಲಾಸ್ ಏಂಜಲೀಸಿನ ಜೋಸೆಫ್ ಬೋಗನ್ ಮತ್ತು ಫಿಲಿಪ್ ವೋಗೆಲ್ ಎಂಬ ಶಸ್ತ್ರವೈದ್ಯರು, ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಬಂದೂಕದ ಹಿಡಿಕೆಯ ಪೆಟ್ಟು ತಿಂದು ಘೋರವಾದ ಅಪಸ್ಮಾರಕ್ಕೆ ಗುರಿಯಾಗಿದ್ದ ಮಾಜಿ ಸೈನಿಕನೊಬ್ಬನ ತಂತುಗಳ ಕಟ್ಟನ್ನು ಪೂರ್ತಿಯಾಗಿ ಕತ್ತರಿಸಿದರು. ವೈದ್ಯಗ್ರಂಥಗಳಲ್ಲಿ ಅವನ ಹೆಸರಿನ ಎರಡು ಅಕ್ಷರಗಳು, ಡಬ್ಲ್ಯೂ. ಜೆ. ಎಂಬಿಷ್ಟೇ, ಉಳಿದಿವೆ. ಅವನ ಸೆಳವುಗಳು ಬಹುಮಟ್ಟಿಗೆ ಶಮನವಾದವು. ಅವನನ್ನು ಪರೀಕ್ಷಿಸುವ ಕಾರ್ಯವು ಸ್ಪೆರಿಯ ಕೈಕೆಳಗೆ ಆಗತಾನೆ ವಿದ್ಯಾರ್ಥಿಯಾಗಿ ಸೇರಿದ್ದ ಮೈಕೆಲ್ ಗಜ್ಜಾನಿಗನ ಪಾಲಿಗೆ ಬಂದಿತು. ಪರದೆಯ ನಡುವಿನ ಬಿಂದುವನ್ನು ದಿಟ್ಟಿಸಲು ಹೇಳಿ, ಕಣ್ಣು ಕದಲುವುದಕ್ಕೂ ಆಸ್ಪದವಿಲ್ಲದಷ್ಟು ಅಲ್ಪಕಾಲ ಒಂದು ಚಿತ್ರವನ್ನು ಬಲಗಡೆಗೆ ಮಿಂಚಿಸಿದರೆ ಅವನು ತಡವರಿಸದೆ ಅದರ ಹೆಸರನ್ನು ಹೇಳುವನು. ಎಡಗಡೆಗೆ ಮಿಂಚಿಸಿದರೆ ತನಗೆ ಏನೂ ಕಾಣಲಿಲ್ಲವೆನ್ನುವನು. ಆದರೆ ಬಾಯಿ ಹಾಗೆನ್ನುತ್ತಿರುವಾಗಲೇ ಅವನ ಎಡಗೈಯು ತನಗೆ ಕಾಣಲಿಲ್ಲವೆಂದ ವಸ್ತುವನ್ನು ಸರಿಯಾಗಿ ತೋರಿಸಬಲ್ಲುದಾಗಿತ್ತು. ಬಣ್ಣದ ಘನಾಕೃತಿಗಳನ್ನು ಮಾದರಿಗೆ ತಕ್ಕಂತೆ ಜೋಡಿಸುವ ಪರೀಕ್ಷೆಯಲ್ಲಿ, ಬರೆಯುವ ಕೈಯಾದ ಬಲಗೈಯೇ ಸೋತು ತಡಕಾಡುತ್ತಿತ್ತು, ಎಡಗೈಯು ನಿರಾಯಾಸವಾಗಿ ಜೋಡಿಸುತ್ತಿತ್ತು. ಬಲಗೈಯ ಒದ್ದಾಟವನ್ನು ಸಹಿಸಲಾರದೆ ಎಡಗೈಯು ನಡುವೆ ನುಗ್ಗಿ ತಿದ್ದಲು ಹೋದುದನ್ನೂ, ಪ್ರಯೋಗ ಕೆಡಬಾರದೆಂದು ಆ ಕೈಯನ್ನು ತಡೆಯಬೇಕಾಗಿ ಬಂದುದನ್ನೂ ಗಜ್ಜಾನಿಗನು ದಾಖಲಿಸಿದ್ದಾನೆ. ಇಂತಹ ಶಸ್ತ್ರಕ್ರಿಯೆಯಾದ ಕೆಲವರಲ್ಲಿ, ಒಂದು ಕೈ ಅಂಗಿಯ ಗುಂಡಿಗಳನ್ನು ಹಾಕುತ್ತ ಹೋದಂತೆ ಇನ್ನೊಂದು ಅವನ್ನು ಬಿಚ್ಚುತ್ತ ಬಂದ ಪ್ರಸಂಗಗಳೂ ಉಂಟು. ಆದರೆ ಹೆಚ್ಚಿನವರಲ್ಲಿ ಈ ಕಲಹವು ಕೆಲವು ವಾರಗಳಲ್ಲಿ ಅಡಗುವುದು. ಈ ಸಂಶೋಧನೆಗಳಿಗಾಗಿ ಸ್ಪೆರಿಗೆ 1981ರ ನೊಬೆಲ್ ಪಾರಿತೋಷಕದ ಅರ್ಧಭಾಗವು ಸಂದಿತು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವ ಪ್ರಯೋಗವು 1970ರ ದಶಕದಲ್ಲಿ, ಪಿ. ಎಸ್. ಎಂಬ ತರುಣನ ಮೇಲೆ ನಡೆದುದು. ಗಜ್ಜಾನಿಗ ಮತ್ತು ಜೋಸೆಫ್ ಲೆಡೂ ಇಬ್ಬರೂ ಅವನ ಎಡ ಗೋಳಾರ್ಧಕ್ಕೆ ಕೋಳಿಯ ಕಾಲಿನ ಚಿತ್ರವನ್ನೂ ಬಲ ಗೋಳಾರ್ಧಕ್ಕೆ ಹಿಮ ತುಂಬಿದ ಅಂಗಳದ ಚಿತ್ರವನ್ನೂ ಏಕಕಾಲದಲ್ಲಿ ತೋರಿಸಿ, ಎದುರಿಗಿಟ್ಟ ಹಲವು ಚಿತ್ರಗಳಲ್ಲಿ ತಕ್ಕದ್ದನ್ನು ಆರಿಸಲು ಹೇಳಿದರು. ಬಲಗೈಯು ಕೋಳಿಯನ್ನು ಆರಿಸಿತು. ಎಡಗೈಯು ಹಿಮವನ್ನು ಬಳಿಯುವ ಸನಿಕೆಯನ್ನು ಆರಿಸಿತು. ಎರಡೂ ಸರಿಯೇ. ಸನಿಕೆಯೇಕೆ ಎಂದು ಕೇಳಿದಾಗ, ಹಿಮದ ಸುದ್ದಿಯನ್ನೇ ಅರಿಯದ, ಆದರೆ ಮಾತು ಮಾತ್ರ ತನ್ನದಾದ ಎಡ ಗೋಳಾರ್ಧವು ಕ್ಷಣವೂ ಹಿಂಜರಿಯದೆ, ಕೋಳಿಗೂಡನ್ನು ಗುಡಿಸುವುದಕ್ಕೆ ಸನಿಕೆ ಬೇಕಲ್ಲವೇ ಎಂಬರ್ಥದ ಉತ್ತರವನ್ನು ಕೊಟ್ಟಿತು. ಗೊತ್ತಿಲ್ಲವೆನ್ನಲಿಲ್ಲ; ಸುಳ್ಳು ಹೇಳುವೆನೆಂಬ ಶಂಕೆಯೂ ಅದಕ್ಕಿರಲಿಲ್ಲ. ಈ ಎಡ ಗೋಳಾರ್ಧದ ಸ್ವಭಾವಕ್ಕೆ ಗಜ್ಜಾನಿಗನು ವ್ಯಾಖ್ಯಾನಕಾರನೆಂದು ಹೆಸರಿಟ್ಟನು.

ಅಕ್ಕಲಕೋಟೆಯ ಕಡೆಯವರಿಗೆ ಈ ವ್ಯಾಖ್ಯಾನಕಾರನು ಅಪರಿಚಿತನಲ್ಲ. ಕನ್ನಡವೊಂದನ್ನೇ ಬಲ್ಲ ಮುದುಕಿಯೊಬ್ಬಳು ಮರಾಠಿಯಲ್ಲಿ ವ್ಯವಹರಿಸುವ ಕಚೇರಿಯ ಮೇಜಿನೆದುರು ನಿಂತಾಗ, ತನ್ನ ಹೊಲದ ಬದು ಎಲ್ಲಿಯದು, ಬಾವಿಯ ನೀರಿನಲ್ಲಿ ತನ್ನ ಪಾಲೆಷ್ಟು, ಯಾವ ವರುಷ ಯಾರು ಗುರುತುಕಲ್ಲನ್ನು ಕಿತ್ತರು ಎಂಬುದನ್ನೆಲ್ಲ ಅವಳಷ್ಟು ಬಲ್ಲವರು ಮತ್ತೊಬ್ಬರಿರಲಾರರು. ಆದರೂ ಕಾಗದದ ಮೇಲೆ ಬೀಳುವುದು ಜೊತೆಗೆ ಬಂದ ಮೊಮ್ಮಗನ ಮಾತು. ಅವನಿಗೆ ತಿಳಿಯದ್ದನ್ನು ಸಾಹೇಬರು ಕೇಳಿದರೆ, ಆಯಿಯ ಕಡೆಗೆ ತಿರುಗಿ ವಿಚಾರಿಸುವಷ್ಟು ಪುರಸತ್ತಿಲ್ಲದೆ, ತಾನೇ ಸರಿಯೆಂದು ತೋರಿದುದನ್ನು ಜೋಡಿಸಿ ಹೇಳಿಬಿಡುವನು. ಅವನ ಉದ್ದೇಶವೇನೂ ಕೆಟ್ಟದ್ದಲ್ಲ. ಬಲ ಗೋಳಾರ್ಧದ ಸ್ಥಿತಿಯು ಸುಮಾರಾಗಿ ಇದೇ. ಮುಖಗಳನ್ನು ಗುರುತಿಸುವುದರಲ್ಲಿ, ಆಕೃತಿಗಳ ಸ್ಥಾನಸಂಬಂಧಗಳನ್ನು ಗ್ರಹಿಸುವುದರಲ್ಲಿ, ಮಾತಿನ ಏರಿಳಿತದಿಂದ ಆಡಿದವನ ಕೋಪವನ್ನೋ ಕೊಂಕನ್ನೋ ತಿಳಿಯುವುದರಲ್ಲಿ ಅದು ಅನೇಕ ವೇಳೆ ಎಡದ್ದನ್ನು ಮೀರಿಸುವುದು. ಬಿಡಿಬಿಡಿ ಪದಗಳ ಅರ್ಥವನ್ನೂ ಸ್ವಲ್ಪಮಟ್ಟಿಗೆ ಅರಿಯುವುದು. ಅದಕ್ಕೆ ಕೊರತೆಯಿರುವುದು ನಾಲಗೆಯದು ಮಾತ್ರ. ಮೌನವನ್ನು ಅಜ್ಞಾನವೆಂದು ಬಗೆಯುವ ಪ್ರಮಾದವನ್ನು ವೈದ್ಯಶಾಸ್ತ್ರವು ಇಲ್ಲಿ ನೂರು ವರ್ಷ ಮಾಡಿತು; ಹತ್ತೊಂಬತ್ತನೆಯ ಶತಮಾನದಲ್ಲಿ ಎಡವನ್ನು ಪ್ರಧಾನವೆಂದೂ ಬಲವನ್ನು ಗೌಣವೆಂದೂ ಕರೆದುದು ಈ ಕಾರಣದಿಂದಲೇ.

ಆ ಪ್ರಮಾದವು ತಿದ್ದಿಹೋದ ಮೇಲೆ ಅದರ ಮಗ್ಗುಲಿನ ಇನ್ನೊಂದು ಪ್ರಮಾದವು ಪೇಟೆಗೆ ಬಂದಿತು. ಎಡ ಮಿದುಳಿನವರು ಲೆಕ್ಕಿಗರು, ಬಲ ಮಿದುಳಿನವರು ಕವಿಗಳು ಎಂಬ ವಿಭಜನೆಯು ವ್ಯಾಪಾರದ ಪುಸ್ತಕಗಳಲ್ಲಿಯೂ ಮಕ್ಕಳ ಬೇಸಿಗೆ ಶಿಬಿರಗಳ ಹಸ್ತಪತ್ರಿಕೆಗಳಲ್ಲಿಯೂ ಈಗ ವೇದವಾಕ್ಯವಾಗಿದೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಮಂದಿಯ ಮಿದುಳಿನ ಚಿತ್ರಣಗಳನ್ನು ಪರಿಶೀಲಿಸಿ, ಕೆಲವು ವ್ಯಾಪಾರಗಳು ಒಂದೊಂದು ಕಡೆಗೆ ವಾಲಿರುವುದು ನಿಜವಾದರೂ, ಒಬ್ಬ ವ್ಯಕ್ತಿಯೇ ಒಟ್ಟಿನಲ್ಲಿ ಎಡದವನು ಅಥವಾ ಬಲದವನು ಎನ್ನುವುದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಕೆಲಕಾಲ ಹಾವಳಿಯೆಬ್ಬಿಸಿದ ‘ಮಿಡ್ ಬ್ರೇನ್ ಆ್ಯಕ್ಟಿವೇಶನ್’ ತರಗತಿಗಳಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಡಬಲಗಳನ್ನು ಬೆಸೆದು ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುವಂತೆ ಮಾಡುವೆವೆಂದು ಸಾವಿರಾರು ರೂಪಾಯಿಗಳನ್ನು ವಸೂಲಿ ಮಾಡಿದುವು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಬಹಿರಂಗವಾಗಿ ತೋರಿಸಿಕೊಟ್ಟಂತೆ, ಆ ಮಕ್ಕಳು ಓದುತ್ತಿದ್ದುದು ಮೂಗಿನ ಮಗ್ಗುಲಿನ ಸಂದಿಯಿಂದ. ಮಧ್ಯಮಿದುಳೆಂಬುದು ಮಿದುಳಿನ ಕಾಂಡದ ಒಂದು ಸಣ್ಣ ಭಾಗ. ಕಣ್ಣುಗುಡ್ಡೆಗಳ ಚಲನೆಯೇ ಮೊದಲಾದ ಕಾರ್ಯಗಳನ್ನು ಅದು ಯಾವ ಶುಲ್ಕವೂ ಇಲ್ಲದೆ ಹುಟ್ಟಿನಿಂದ ನಡೆಸುತ್ತಲೇ ಇರುವುದು.

ಸೀಳಿದ ಮಿದುಳಿನಲ್ಲಿ ಒಬ್ಬನೇ ಮನುಷ್ಯನಿರುವನೋ ಇಬ್ಬರಿರುವರೋ ಎಂಬ ಪ್ರಶ್ನೆಗೆ ಸ್ಪೆರಿಯು ಇಬ್ಬರೆಂಬ ಕಡೆಗೇ ವಾಲಿದ್ದನು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೈರ್ ಪಿಂಟೊ ಮತ್ತು ಸಂಗಡಿಗರು ಇಂತಹ ಇಬ್ಬರು ರೋಗಿಗಳನ್ನು ಪರೀಕ್ಷಿಸಿದಾಗ, ದೃಷ್ಟಿಕ್ಷೇತ್ರದ ಯಾವ ಭಾಗದಲ್ಲಿ ವಸ್ತು ಕಾಣಿಸಿಕೊಂಡರೂ ಅದು ಎಲ್ಲಿದೆಯೆಂಬುದನ್ನು ಅವರು ಯಾವ ಕೈಯಿಂದಲಾದರೂ, ಬಾಯಿಯಿಂದಲಾದರೂ ತಿಳಿಸಬಲ್ಲವರಾಗಿದ್ದರು. ಆದರೆ ಎಡಕ್ಕೆ ಕಂಡದ್ದನ್ನೂ ಬಲಕ್ಕೆ ಕಂಡದ್ದನ್ನೂ ಒಂದರೊಡನೊಂದು ಹೋಲಿಸಲು ಅಸಮರ್ಥರಾಗಿದ್ದರು. ಗ್ರಹಿಕೆಯು ಒಡೆದರೂ ಪ್ರಜ್ಞೆಯು ಒಡೆಯದೆಂದು ಅವರ ವಾದ. ಹುಟ್ಟುವಾಗಲೇ ಈ ಕಟ್ಟು ಇಲ್ಲದವರೂ ಉಂಟು. ‘ರೇನ್ ಮ್ಯಾನ್’ ಚಲಚ್ಚಿತ್ರಕ್ಕೆ ಸ್ಫೂರ್ತಿಯಾದ, ಸಾವಿರಾರು ಪುಸ್ತಕಗಳನ್ನು ಕಂಠಸ್ಥ ಮಾಡಿಕೊಂಡಿದ್ದ ಅಮೆರಿಕದ ಕಿಮ್ ಪೀಕ್ ಅಂತಹವರಲ್ಲಿ ಒಬ್ಬನು. ಇವರಲ್ಲಿ ಸೀಳಿದ ಮಿದುಳಿನ ಲಕ್ಷಣಗಳು ಅಷ್ಟಾಗಿ ತೋರದಿರುವುದು, ಗರ್ಭಸ್ಥ ಕಾಲದಿಂದಲೇ ಇತರ ಮಾರ್ಗಗಳು ಬೆಳೆದು ಕೆಲಸವನ್ನು ವಹಿಸಿಕೊಳ್ಳುವುದರಿಂದ. ಔಷಧಗಳು ಬಹಳ ಸುಧಾರಿಸಿರುವ ಈ ಕಾಲದಲ್ಲಿ ತಂತುಗಳನ್ನು ಕತ್ತರಿಸುವ ಚಿಕಿತ್ಸೆಯು ವಿರಳವಾಗಿದೆ. ಯಾವ ಮದ್ದಿಗೂ ಬಗ್ಗದೆ ಮಕ್ಕಳನ್ನು ಒಮ್ಮೆಗೇ ನೆಲಕ್ಕೆ ಕೆಡಹುವ ಸೆಳವುಗಳಿಗೆ ಮಾತ್ರ ಅದನ್ನು ಉಳಿಸಿಕೊಂಡು, ಆಗಲೂ ಸಾಧಾರಣವಾಗಿ ಮುಂದಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಮೊದಲು ಕತ್ತರಿಸುತ್ತಾರೆ.

ಹೀಗಿರುವಲ್ಲಿ ಸೊಲ್ಲಾಪುರದ ಓದುಗನು ಸೀಳಿದ ಮಿದುಳಿನ ಮನುಷ್ಯನನ್ನು ತನ್ನ ಆಯುಷ್ಯದಲ್ಲಿ ಕಾಣದೆಯೇ ಹೋಗಬಹುದು. ಆದರೆ ಎರಡು ಅರ್ಧಗಳ ನಡುವಿನ ದಾರಿಯು ಭಾಗಶಃ ಮುರಿದುಬಿದ್ದ ಮನುಷ್ಯನನ್ನು ಕಾಣುವ ಸಂಭವವಿದೆ. ಏಕೆಂದರೆ ಆ ಕೆಲಸವನ್ನು ಶಸ್ತ್ರವೈದ್ಯನ ಕತ್ತಿಗಿಂತ ಹೆಚ್ಚಾಗಿ ಮಾಡುವುದು ಲಕ್ವ. 1887ರಲ್ಲಿ ಪ್ಯಾರಿಸಿನ ಒಬ್ಬ ನಿವೃತ್ತ ವ್ಯಾಪಾರಿಯು ಇದ್ದಕ್ಕಿದ್ದಂತೆ ತನಗೆ ಒಂದಕ್ಷರವನ್ನೂ ಓದಲು ಬಾರದಾದುದನ್ನು ಕಂಡುಕೊಂಡನು. ಮಾತು ಸರಿಯಾಗಿತ್ತು, ಬುದ್ಧಿ ಚುರುಕಾಗಿತ್ತು, ವಸ್ತುಗಳೂ ಮುಖಗಳೂ ಗುರುತು ಸಿಗುತ್ತಿದ್ದುವು, ಅಂಕೆಗಳನ್ನು ಓದಬಲ್ಲವನಾಗಿದ್ದನು. ಇನ್ನೂ ಆಶ್ಚರ್ಯವೆಂದರೆ ತಪ್ಪಿಲ್ಲದೆ ಬರೆಯುತ್ತಿದ್ದನು, ಬರೆದುದನ್ನು ಮರುಗಳಿಗೆಯಲ್ಲಿ ಓದಲು ಅಸಮರ್ಥನಾಗುತ್ತಿದ್ದನು. ನಾಲ್ಕು ವರ್ಷಗಳ ಮೇಲೆ ಎರಡನೆಯ ಆಘಾತದಿಂದ ಅವನು ತೀರಿಕೊಂಡಾಗ, ಜೂಲ್ ದೆಜೆರೀನ್ ಎಂಬ ವೈದ್ಯನು 1892ರಲ್ಲಿ ಆ ಮಿದುಳನ್ನು ಪರೀಕ್ಷಿಸಿ ಒಗಟನ್ನು ಬಿಡಿಸಿದನು. ಎಡಗಡೆಯ ದೃಷ್ಟಿಪ್ರದೇಶವು ನಾಶವಾಗಿತ್ತು. ಬಲಗಡೆಯದು ನೆಟ್ಟಗಿದ್ದು ಅಕ್ಷರಗಳನ್ನು ಕಾಣುತ್ತಿತ್ತು. ಆದರೆ ಕಂಡದ್ದನ್ನು ಎಡಗಡೆಯ ಭಾಷಾಪ್ರದೇಶಕ್ಕೆ ಒಯ್ಯಬೇಕಾದ ತಂತುಗಳ ಕಟ್ಟಿನ ಹಿಂತುದಿಯೂ ಅದೇ ಆಘಾತದಲ್ಲಿ ಕೆಟ್ಟಿತ್ತು. ಭಾಷಾಪ್ರದೇಶದಿಂದ ಕೈಗೆ ಹೋಗುವ ದಾರಿಯು ಮಾತ್ರ ಅಖಂಡವಾಗಿತ್ತಾದ್ದರಿಂದ ಬರೆಹವು ಉಳಿದುಕೊಂಡಿತ್ತು. ಎಡ ಮಿದುಳಿನ ಹಿಂಭಾಗಕ್ಕೂ ಕಟ್ಟಿನ ಹಿಂತುದಿಗೂ ರಕ್ತವನ್ನೀಯುವ ಧಮನಿಯು ಒಂದೇ ಆದುದರಿಂದ, ಅದು ಮುಚ್ಚಿಕೊಂಡಾಗ ಎರಡೂ ಒಟ್ಟಿಗೆ ಹಾಳಾಗುತ್ತವೆ.

ಈ ವಿಕಾರವು ಕನ್ನಡದಲ್ಲಿಯೂ ದಾಖಲಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆಲಸ ಮಾಡಿದ ಪ್ರತಿಭಾ ಕಾರಂತರು, ಕನ್ನಡ ಇಂಗ್ಲಿಷುಗಳೆರಡನ್ನೂ ಬಲ್ಲ ರೋಗಿಯೊಬ್ಬರಲ್ಲಿ ಕಂಡ ಶುದ್ಧ ಅಪಠನವನ್ನು ಕುರಿತು 1981ರಲ್ಲಿ ‘ಕಾರ್ಟೆಕ್ಸ್’ ಎಂಬ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಭಾಷಾನಷ್ಟವನ್ನು ಅಳೆಯುವುದಕ್ಕೆ ಕನ್ನಡದಲ್ಲಿಯೇ ಒಂದು ಪರೀಕ್ಷೆಯನ್ನು ರಚಿಸಿಕೊಟ್ಟವರೂ ಅವರೇ. ಅಂಥ ಪರೀಕ್ಷೆಯ ಬೆಲೆಯು ಗಡಿಭಾಗದವರಿಗೆ ಉಳಿದವರಿಗಿಂತ ಚೆನ್ನಾಗಿ ತಿಳಿದೀತು. 1963ರಲ್ಲಿ ಆರಂಭವಾದ ವೈಶಂಪಾಯನ ಸ್ಮಾರಕ ವೈದ್ಯಕೀಯ ಮಹಾವಿದ್ಯಾಲಯವೂ ಹತ್ತಾರು ಖಾಸಗಿ ಆಸ್ಪತ್ರೆಗಳೂ ಇರುವ ಸೊಲ್ಲಾಪುರಕ್ಕೆ ಅಕ್ಕಲಕೋಟೆಯಿಂದ ಮಾತ್ರವಲ್ಲ, ಇಂಡಿ ಆಳಂದಗಳ ಕಡೆಯಿಂದಲೂ ಕನ್ನಡದ ರೋಗಿಗಳು ಬರುತ್ತಾರೆ. ಲಕ್ವದ ಬಳಿಕ ದ್ವಿಭಾಷಿಗಳ ಎರಡು ಭಾಷೆಗಳೂ ಬಹುಮಟ್ಟಿಗೆ ಜೊತೆಜೊತೆಯಾಗಿಯೇ ಚೇತರಿಸಿಕೊಳ್ಳುವುದು ಸಾಮಾನ್ಯವಾದರೂ, ಒಂದು ಮುಂದಾಗಿ ಇನ್ನೊಂದು ಹಿಂದುಳಿಯುವುದೂ ಉಂಟು. ಬಾಲ್ಯದ ಭಾಷೆಯೇ ಮೊದಲು ಮರಳುವುದೆಂದು ರಿಬೋ, ಹೆಚ್ಚು ಬಳಕೆಯಲ್ಲಿದ್ದುದು ಮೊದಲು ಮರಳುವುದೆಂದು ಪಿತ್ರ್, ಇಬ್ಬರು ಫ್ರೆಂಚರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾದಿಸಿದ್ದರು, ಎರಡಕ್ಕೂ ಉದಾಹರಣೆಗಳು ದೊರೆಯುತ್ತವೆ. ಮನೆಯಲ್ಲಿ ಕನ್ನಡವನ್ನಾಡಿ ಗಿರಣಿಯಲ್ಲಿ ಮರಾಠಿಯನ್ನಾಡಿದ ರೋಗಿಯನ್ನು ಮರಾಠಿಯೊಂದರಲ್ಲಿಯೇ ಪ್ರಶ್ನಿಸಿ, ಇವನಿಗೆ ಮಾತು ಹೋಗಿದೆಯೆಂದು ಕಾಗದದಲ್ಲಿ ಬರೆದರೆ, ಅಕೆಲೈಟಿಸ್‌ನ ತಪ್ಪೇ ತಿರುಗುಮುರುಗಾಗಿ ಸಂಭವಿಸಿದಂತಾಗುವುದು.

ಎರಡು ಭಾಷೆಗಳ ಬದುಕಿಗೆ ಪ್ರತಿಫಲವೂ ಇರಬಹುದೆಂದು ಕಾಣುತ್ತದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನ 648 ಮಂದಿ ಮರೆವುರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಿಗೆ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿದ್ದುದರಿಂದ ವಿದ್ಯಾಭ್ಯಾಸವೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ವಿದ್ವಾಂಸರಲ್ಲಿ ಇದರ ಚರ್ಚೆ ಇನ್ನೂ ಮುಗಿದಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು.

ಓದಿನ ವಿಷಯಕ್ಕೆ ಮರಳುವುದಾದರೆ, ನಾಗರಿ ಲಿಪಿಯನ್ನೂ ಕನ್ನಡ ಲಿಪಿಯನ್ನೂ ಒಂದೇ ಸಲೀಸಿನಿಂದ ಓದುವ ಅಕ್ಕಲಕೋಟೆಯ ಶಿಕ್ಷಕನಿಗೆ ಈ ಆಘಾತವಾದರೆ ಏನಾದೀತು? ಸ್ಟಾನಿಸ್ಲಾಸ್ ದೆಹೇನ್ ಮೊದಲಾದವರ ಚಿತ್ರಣಾಧ್ಯಯನಗಳು, ಲಿಪಿ ಯಾವುದೇ ಇರಲಿ, ಅಕ್ಷರಗಳನ್ನು ಗುರುತಿಸುವ ತಾಣವು ಎಡ ಗೋಳಾರ್ಧದ ತಳಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಎಡೆಯಲ್ಲಿರುವುದನ್ನು ತೋರಿಸಿವೆ. ಆದ್ದರಿಂದ ಆ ತಾಣಕ್ಕೆ ಹೋಗುವ ದಾರಿ ಮುಚ್ಚಿದಾಗ ಎರಡು ಲಿಪಿಗಳಿಗೂ ಪೆಟ್ಟು ತಗಲುವುದೆಂದೇ ನಿರೀಕ್ಷಿಸಬೇಕು. ಬಲಗಡೆಯ ನೋಟದಲ್ಲಿ ಕತ್ತಲೆ ಕವಿದು, ಬರೆಯಲು ಬಂದು ಓದಲು ಮಾತ್ರ ಬಾರದಿದ್ದರೆ ಕನ್ನಡಕದ ಅಂಗಡಿಗೆ ಹೋಗಿ ಕಾಲಹರಣ ಮಾಡತಕ್ಕದ್ದಲ್ಲ; ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಆಘಾತವಾದ ಗಳಿಗೆಯಿಂದ ನಾಲ್ಕೂವರೆ ಗಂಟೆಗಳಷ್ಟೇ ಅವಕಾಶವಿದ್ದು, ಅಷ್ಟರೊಳಗೆ ತಲೆಯ ಸಿ. ಟಿ. ಚಿತ್ರಣವೂ ಆಗಬೇಕಾಗಿರುವುದು. ಗಳಿಗೆ ಮೀರಿದವರಿಗೂ ಒಂದು ಉಪಾಯವುಂಟು, ಅದನ್ನು ಕಂಡುಕೊಂಡವನು ದೆಜೆರೀನನ ರೋಗಿಯೇ: ಕಣ್ಣಿಗೆ ತಿಳಿಯದ ಅಕ್ಷರದ ಗೆರೆಗಳ ಮೇಲೆ ಅವನು ತನ್ನ ಬೆರಳನ್ನಾಡಿಸುತ್ತಿದ್ದನು, ಬೆರಳಿನ ಚಲನೆಯು ನಡುವಿನ ಮುರಿದ ದಾರಿಯನ್ನು ಬಿಟ್ಟು ಬೇರೊಂದು ಮಾರ್ಗವಾಗಿ ಎಡ ಗೋಳಾರ್ಧವನ್ನು ತಲಪುತ್ತಿತ್ತು, ಅಕ್ಷರವು ಬಾಯಿಗೆ ಬರುತ್ತಿತ್ತು. ವಾಕ್‌ಚಿಕಿತ್ಸಕರು ಇಂದಿಗೂ ಇಂತಹ ರೋಗಿಗಳಿಗೆ ಅಕ್ಷರಗಳನ್ನು ಬೆರಳಿನಿಂದ ತಿದ್ದಿಸಿ, ಒಂದೊಂದಾಗಿ ಓದುವುದನ್ನು ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಓದು ನಿಧಾನವಾಗುವುದು, ಆದರೆ ನಡೆಯುವುದು.